ಹದಿನಾಲ್ಕು ಕಣ್ಣುಗಳು

ಕಲ್ಲಿಗೆ ನೀರು ಹಾಕಬಾರದು. ಇದು ವೆಂಕಟರಾಮಯ್ಯನವರ ಅಪ್ಪಣೆ.

ನೀರು ಹಾಕಿ ಕೊರೆದರೆ ಹುಡಿ ಹಾರುವುದಿಲ್ಲ. ಕಲ್ಲು ಮುಟ್ಟಿದ ಯಾವನಿಗೂ ಇದು ಗೊತ್ತು. ಆದರೆ ನೀರು ಹಾಕಿದರೆ ಶೆಡ್ಡಿನ ನೆಲ ಕೆಸರಾಗುತ್ತದೆ, ಕೆಸರು ಬಳಿಯಲು ಇನ್ನೊಬ್ಬ ಆಳು ಬೇಕು, ಕೆಲಸವೂ ನಿಧಾನ. ಆದ್ದರಿಂದ ಒಣಕಲ್ಲನ್ನೇ ಕೊರೆಯಬೇಕು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಹಿಂಬದಿಯಲ್ಲಿ ಒಂದು ತಗಡಿನ ಶೆಡ್ಡು. ಏಳು ಜನ. ಏಳು ಗ್ರೈಂಡರ್. ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿಲಲ್ಲಿ ದುಡಿಸಬಾರದೆಂದು ಸರಕಾರದ ಕಾನೂನಿತ್ತು. ಅದು ಬಯಲಿನಲ್ಲಿ ದುಡಿಯುವವರಿಗೆ. ಶೆಡ್ಡಿಗೆ ಮಾಡು ಇದೆಯಲ್ಲ! ಮಾಡಿನ ತಗಡು ಕಾದು ಕಾವಲಿಯಾಗಿದ್ದರೂ ಅದು ನೆರಳೇ ಎಂದು ಕಂಪನಿ ಲೆಕ್ಕ ಹಾಕಿತ್ತು.

ಸಂಜೆ ಗ್ರೈಂಡರ್ ನಿಂತಾಗ ಏಳೂ ಜನ ಒಂದೇ ಬಣ್ಣದವರಾಗಿರುತ್ತಿದ್ದರು. ರೆಪ್ಪೆಯ ಮೇಲೆ ಹುಡಿ, ಹಲ್ಲಿನ ಸಂದಿಯಲ್ಲಿ ಹುಡಿ. ಉಗಿದರೆ ಉಗುಳು ಬೂದಿ. ಮೂಗಿಗೆ ಕಟ್ಟಿಕೊಳ್ಳಲು ಹಳೆ ಬನಿಯನ್ನಿನ ತುಂಡು. ಆಮೇಲೆ ಬಸ್ಸು. ಒಂದೂವರೆ ತಾಸು ಬಸ್ಸಿನಲ್ಲಿ ತೂಕಡಿಸಿ ಮುಹೈಸ್ನಾದ ಕ್ಯಾಂಪು. ಅದನ್ನು ಎಲ್ಲರೂ ಸೋನಾಪುರ ಎನ್ನುತ್ತಿದ್ದರು. ಚಿನ್ನದ ಊರು! ಆ ಹೆಸರಿಟ್ಟವನು ಒಂದು ದಿನ ಅಲ್ಲಿಯ ಕಕ್ಕಸಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಕ್ಯಾಂಪಿಗೆ ಎತ್ತರದ ಗೋಡೆ, ಒಂದೇ ಗೇಟು. ಗೇಟಿನಲ್ಲಿ ಹೆಸರು ಬರೆಸದೆ ಹೊರಗೆ ಹೋಗುವಂತಿಲ್ಲ.

ಆ ಏಳು ಜನರಲ್ಲಿ ಧರ್ಮಪಾಲ ಒಬ್ಬ. ಕಾರ್ಕಳದ ಹೊರಗಿನ ಕಾಲನಿಯವನು. ಅವನ ಅಪ್ಪ ಕೋರೆಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಅಪ್ಪ ಎಬ್ಬಿಸಿದ ಕಲ್ಲು ದೇವರಾಗುತ್ತಿತ್ತು. ದೇವರಾದ ಮೇಲೆ ಅಪ್ಪ ಅದನ್ನು ಗೇಟಿನ ಹೊರಗಿನಿಂದ ನೋಡುತ್ತಿದ್ದ. ಧರ್ಮಪಾಲ ಹನ್ನೆರಡು ವರ್ಷ ಒಂದು ಶಿಲ್ಪಶಾಲೆಯಲ್ಲಿ ಒರಟು ಕೆತ್ತನೆ ಮಾಡಿದ. ಕೈ, ಕಾಲು, ಹೊಟ್ಟೆ, ಕಿರೀಟ ಎಲ್ಲ ಅವನದೇ. ಕಣ್ಣು ಮಾತ್ರ ಅವನದಲ್ಲ. ಕಣ್ಣು ತೆರೆಯುವುದು ಕಟ್ಟಕಡೆಯ ಕೆಲಸ. ಮೂರ್ತಿ ಕೂರುವ ಜಾಗದಲ್ಲಿ ಕೂತ ಮೇಲೆ ಗುರುಗಳು ಮಿಂದು ಬಂದು, ಮೊದಲ ನೋಟ ತಮ್ಮ ಮೇಲೆ ಬೀಳದಂತೆ ಕನ್ನಡಿ ಹಿಡಿದು ಕಣ್ಣು ತೆರೆಯುತ್ತಿದ್ದರು. ಆಗ ಇವನಂಥವರು ಅಲ್ಲಿ ಇರುವಂತಿಲ್ಲ. ಆದರೂ ಗುರುಗಳು ಬಳಪದಲ್ಲಿ ಗೆರೆ ಹಾಕುವುದನ್ನು ದೂರದಿಂದ ನೋಡಿ ನೋಡಿ ಅವನು ಕಲಿತಿದ್ದ. ಯಾರೂ ಕಲಿಸದೆ ಕಲಿತದ್ದು ಗಟ್ಟಿಯಾಗಿಯೇ ಇತ್ತು.

ಇನ್ನೊಬ್ಬ ಕಜೆತಾನ್. ಕಾರ್ಕಳ ಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ಕನ್ನಡ, ಇಂಗ್ಲಿಷು ಎರಡನ್ನೂ ಉಲ್ಟಾ ಓದಬಲ್ಲವನು. ಇಗರ್ಜಿಯ ಗೋರಿಕಲ್ಲುಗಳಿಗೆ ಅವನು ಕಾಗದದ ಮೇಲೆ ಅಕ್ಷರ ಬರೆದು ಕೊಡುತ್ತಿದ್ದ, ಧರ್ಮಪಾಲ ಕೊರೆಯುತ್ತಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ಒಂದೇ ಎಲೆಯಿಂದ ಗೋಳಿಬಜೆ ತಿನ್ನುತ್ತಿದ್ದರು. ಕಂಪ್ಯೂಟರ್ ಬಂದು ಪ್ರೆಸ್ಸು ಮುಚ್ಚಿತು. ಅದೇ ಹೊತ್ತಿಗೆ ಏಜೆಂಟನೊಬ್ಬ ದುಬೈಯ ಬಣ್ಣದ ಫೋಟೋಗಳನ್ನು ಹಿಡಿದು ಬಂದ. ಎಲ್ಲ ಮಿಷನ್ ಕೆಲಸ, ಎಸಿ ಹಾಲ್, ಇನ್ನೂ ಒಬ್ಬ ಬೇಕು ಎಂದ. ಒಬ್ಬನೇ ಹೋಗಲು ಹೆದರಿಕೆಯಾಗಿ ಧರ್ಮಪಾಲ ಕಜೆತಾನನನ್ನು ಎಬ್ಬಿಸಿಕೊಂಡು ಬಂದ. ಬೇರೆ ಕಾರಣವೇನೂ ಇರಲಿಲ್ಲ. ತನ್ನ ಹೆದರಿಕೆಗೆ ಅವನು ಜೊತೆ. ಈ ಮಾತು ಧರ್ಮಪಾಲನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಯಾಕೆಂದರೆ ಕಜೆತಾನ್ ಈಗ ಕೆಮ್ಮುತ್ತಿದ್ದ.

ವಿಮಾನ ಇಳಿದ ದಿನವೇ ಕಂಪನಿಯವರು ಏಳೂ ಪಾಸ್‌ಪೋರ್ಟ್ ತೆಗೆದುಕೊಂಡಿದ್ದರು. ಸೇಫಾಗಿರಲಿ ಎಂದು! ಎರಡು ವರ್ಷದ ಕರಾರು ಎರಡು ಸಾವಿರದ ಆರರ ಏಪ್ರಿಲಿಗೆ ಮುಗಿಯಿತು. ಪಾಸ್‌ಪೋರ್ಟ್ ವೆಂಕಟರಾಮಯ್ಯನವರ ಕಬ್ಬಿಣದ ಕಪಾಟಿನಿಂದ ಹೊರಗೆ ಬರಲಿಲ್ಲ. ಏಳು ಮೂರ್ತಿ ನಿಲ್ಲಲಿ, ಆಮೇಲೆ ನೋಡೋಣ ಎಂದರು.

ವೆಂಕಟರಾಮಯ್ಯ ಪ್ರಾಜೆಕ್ಟ್ ಮ್ಯಾನೇಜರು. ಮೈಸೂರಿನವರು. ಕರಾಮಾದಲ್ಲಿ ಫ್ಲ್ಯಾಟು. ಮೊದಮೊದಲು ಕನ್ನಡದವರು ಸಿಕ್ಕಿದರು ಎಂದು ಧರ್ಮಪಾಲನಿಗೆ ಹಬ್ಬವಾಗಿತ್ತು. ಒಂದು ದಿನ ಅವರು ಅವನನ್ನು ಆಫೀಸಿಗೆ ಕರೆದರು.

"ಏನಪ್ಪ, ಒಂದು ಗಣಪತಿ ಮಾಡಿಕೊಡ್ತೀಯ? ಸಣ್ಣದು, ಇಷ್ಟೇ. ಮನೇಲಿ ಇಟ್ಕೊಳೋಕೆ."

"ಮಾಡುವ ಸಾರ್."

"ನೀವು ಆಚಾರ್ರಾ?"

"ಅಲ್ಲ ಸಾರ್. ನಾವು ಕಾಲನಿಯವರು."

ವೆಂಕಟರಾಮಯ್ಯ ಮೇಜಿನ ಮೇಲಿನ ಪೆನ್ನನ್ನು ಸರಿಸಿ ಇಟ್ಟರು.

"ಓ. ಸರಿ, ಪರವಾಗಿಲ್ಲ. ಮಾಡು. ಕಣ್ಣು ಮಾತ್ರ ಬಿಟ್ಟಿರು. ನಮ್ಮೋರು ಒಬ್ಬರಿದಾರೆ, ಅವರ ಕೈಲಿ ಮಾಡಿಸ್ತೀನಿ."

ಧರ್ಮಪಾಲ ಮಾಡಿದ. ಊಟದ ಹೊತ್ತಿನಲ್ಲಿ ಕೂತು ಮಾಡಿದ. ಒಂದು ಶುಕ್ರವಾರ ಕಂಪನಿಯ ವ್ಯಾನು ಓಡಿಸುವ ಅಲಿಕುಂಞಿಯ ಜೊತೆ ಕರಾಮಾಕ್ಕೆ ಹೋಗಿ ಬೆಲ್ ಒತ್ತಿದ. ಬಾಗಿಲು ತೆರೆದವರು ಮ್ಯಾನೇಜರ ಹೆಂಡತಿ ಸುಮಿತ್ರಾ.

"ಅಲ್ಲೇ ಇಡಿ. ಚಪ್ಪಲಿ ಸ್ಟ್ಯಾಂಡ್ ಪಕ್ಕ."

ಇಟ್ಟ. ಅವರು ಒಳಗಿನಿಂದ ಚೊಂಬು ತಂದು ಗಣಪತಿಯ ಮೇಲೆ ನೀರು ಸುರಿದು, ಸೆರಗಿನಲ್ಲಿ ಹಿಡಿದು ಒಳಗೆ ಒಯ್ದರು. ಕಲ್ಲಿಗೆ ನೀರು! ಅವನಿಗೆ ಪ್ಲಾಸ್ಟಿಕ್ ಲೋಟದಲ್ಲಿ ಕಿತ್ತಳೆ ಜ್ಯೂಸು ಬಂತು. ಹೋಗುವಾಗ ಲೋಟವನ್ನು ಕೆಳಗಿನ ಕಸದ ಡಬ್ಬಿಗೆ ಹಾಕಿ ಎಂದು ಅವರು ನಗುತ್ತಲೇ ಹೇಳಿದರು. ಕೆಟ್ಟ ಹೆಂಗಸಲ್ಲ. ಕೆಟ್ಟದ್ದು ಮಾಡುತ್ತಿದ್ದೇನೆಂದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದಿರುವುದೇ ಅಂಥವರ ಸುಖ.

ವ್ಯಾನಿನಲ್ಲಿ ಅಲಿಕುಂಞಿ ಕೇಳಿದ. ಅವನು ಉಳ್ಳಾಲದ ಬ್ಯಾರಿ, ಇಪ್ಪತ್ತು ವರ್ಷದಿಂದ ಇಲ್ಲಿದ್ದವನು.

"ಎಂತ ಮಾರಾಯ, ಮುಖ ಹಾಗೆ ಮಾಡಿದ್ದೀ? ಒಳಗೆ ಕರೀಲಿಲ್ವಾ?"

"ಇಲ್ಲ."

"ಮಾಫಿ ಮುಷ್ಕಿಲ್, ತೊಂದರೆ ಇಲ್ಲ ಬಿಡು. ನನ್ನನ್ನೂ ಕರೀಲಿಲ್ಲ, ಏಳು ವರ್ಷ ಆಯ್ತು. ಸಾಮಾನು ಹೊತ್ತು ಹೊತ್ತು ನನಗೆ ಅವರ ಬಾಗಿಲಿನ ಕಲರ್ ಮಾತ್ರ ಗೊತ್ತು."

ಇನ್ನು ಆ ಏಳು ಮೂರ್ತಿಗಳ ವಿಷಯ. ಸಮುದ್ರದ ಬದಿಯಲ್ಲಿ ಒಂದು ಹೊಸ ಹೋಟೆಲು ಏಳುತ್ತಿತ್ತು. ಅದರ ಈಜುಕೊಳದ ಸುತ್ತ ಪೆಸಿಫಿಕ್ ಸಮುದ್ರದ ಒಂದು ದ್ವೀಪವನ್ನು ನಿಲ್ಲಿಸಬೇಕಂತೆ. ಆ ದ್ವೀಪದ ಹೆಸರು ರಾಪಾ ನುಯಿ. ಬೆಂಕಿ ಉಗುಳಿದ ಗುಡ್ಡಗಳಿಂದಲೇ ಆದ ದ್ವೀಪ. ಅಲ್ಲಿಯ ಜನ ಆ ಗುಡ್ಡದ ಕಲ್ಲಿನಿಂದ ಉದ್ದ ಮುಖದ, ದೊಡ್ಡ ಮೂಗಿನ ಮೂರ್ತಿಗಳನ್ನು ಕಡಿದು ನಿಲ್ಲಿಸಿದ್ದರು. ಅಂಥವು ಏಳು ಬೇಕು. ಕಲ್ಲು ಫುಜೈರಾದ ಗುಡ್ಡದಿಂದ ಬಂತು. ಒಬ್ಬೊಬ್ಬನಿಗೆ ಒಂದೊಂದು ಮೂರ್ತಿ. ಮುಖ ಮಾತ್ರ ಏಳಕ್ಕೂ ಧರ್ಮಪಾಲನೇ ಕೊಡಬೇಕು.

ನೋಡಿ ಮಾಡಲೆಂದು ಹೋಟೆಲಿನ ಡಿಸೈನರ್ ಕೊಟ್ಟ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಉಳಿದವರು ಚಿತ್ರ ನೋಡಿದರು. ಕಜೆತಾನ್ ಅಕ್ಷರ ನೋಡಿದ. ಪ್ರೆಸ್ಸಿನ ಚಾಳಿ, ಅಕ್ಷರ ಕಂಡರೆ ಬಿಡಲಾರ. ಮಧ್ಯಾಹ್ನ ಕುಬ್ಬೂಸ್ ರೊಟ್ಟಿಯನ್ನು ದಾಲಿನಲ್ಲಿ ಅದ್ದುತ್ತ ಅವನು ಓದಿ ಹೇಳುತ್ತಿದ್ದ.

"ಕೇಳು ಧರ್ಮ. ಇವರೂ ಕಣ್ಣು ಮೊದಲು ಮಾಡುದಿಲ್ಲ. ಗುಡ್ಡದಲ್ಲಿ ಇರುವಾಗ ಮೂರ್ತಿಗೆ ಕಣ್ಣೇ ಇಲ್ಲ. ಊರಿಗೆ ತಂದು ಕಟ್ಟೆ ಮೇಲೆ ನಿಲ್ಲಿಸಿದ ಮೇಲೆ ಗುಳಿ ತೋಡಿ ಬಿಳಿ ಹವಳದ ಕಣ್ಣು ಕೂರಿಸುದು. ಆಗಲೇ ಜೀವ ಬರುದಂತೆ."

ಧರ್ಮಪಾಲನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಕಣ್ಣು ಯಾರು ಕೂರಿಸುದು? ಕಡಿದವನೇಯಾ?"

"ಅದು ಬರೆದಿಲ್ಲ."

ಬರೆಯದ ಜಾಗದಲ್ಲಿ ಧರ್ಮಪಾಲ ಕಡಿದವನನ್ನೇ ಕೂರಿಸಿಕೊಂಡ.

ಇನ್ನೊಂದು ದಿನ ಕಜೆತಾನ್ ಹಡಗಿನ ಕಥೆ ಓದಿದ. ಸಾವಿರದ ಎಂಟುನೂರ ಅರವತ್ತೆರಡು. ಪೆರು ದೇಶಕ್ಕೆ ಆಳು ಬೇಕಾಗಿದ್ದರು. ಹಡಗಿನವರು ದಡದ ಮೇಲೆ ಕನ್ನಡಿ, ಮಣಿಸರ ಹರಡಿದರು. ದ್ವೀಪದವರು ಮೊಣಕಾಲೂರಿ ಆರಿಸುತ್ತ ಕೂತಾಗ ಒಂದು ಗುಂಡು ಹಾರಿತು. ಅದೇ ಸೂಚನೆ. ಕೈಕಟ್ಟಿ ಹಡಗಿಗೆ ತುಂಬಿದರು. ಕೆಲವು ತಿಂಗಳಲ್ಲಿ ಸಾವಿರಕ್ಕೂ ಮೇಲೆ ಜನ. ಅರ್ಥವಾಗದ ಕರಾರುಪತ್ರಗಳಿಗೆ ಅವರ ಕೈಯಿಂದ ಗುರುತು ಹಾಕಿಸಿದರು.

"ನಮಗೂ ಫೋಟೋ ತೋರಿಸಿದ್ದಲ್ಲ," ಎಂದ ಧರ್ಮಪಾಲ.

"ನಮಗೆ ಗುಂಡು ಬೇಕಾಗ್ಲಿಲ್ಲ. ನಾವೇ ಕ್ಯೂ ನಿಂತದ್ದು," ಎಂದು ಕಜೆತಾನ್ ನಕ್ಕ. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತ ಮೇಲೆ ಉಳಿದದ್ದನ್ನು ಹೇಳಿದ. "ಬೇರೆ ದೇಶದವರು ಗಲಾಟೆ ಮಾಡಿದ ಮೇಲೆ ಕೊನೆಗೆ ನೂರು ಜನರನ್ನು ವಾಪಸು ಕಳಿಸಿದ್ರಂತೆ. ದಾರಿಯಲ್ಲಿ ಸತ್ತು ಸತ್ತು ಊರು ಮುಟ್ಟಿದ್ದು ಹದಿನೈದೇ ಜನ. ಅವರೊಟ್ಟಿಗೆ ಸಿಡುಬೂ ಊರಿಗೆ ಹೋಯ್ತು. ಆಮೇಲೆ ಇಡೀ ದ್ವೀಪವನ್ನು ಒಂದು ಕುರಿ ಕಂಪನಿ ತಗೊಂಡಿತು. ಕುರಿಗೆ ದ್ವೀಪ. ಮನುಷ್ಯರಿಗೆ ಒಂದೇ ಊರು, ಸುತ್ತ ಕಲ್ಲಿನ ಗೋಡೆ. ಹೊರಗೆ ಹೋಗ್ಲಿಕ್ಕೆ ಪರ್ಮಿಶನ್ ಬೇಕು."

ಯಾರೂ ಸೋನಾಪುರದ ಹೆಸರು ಎತ್ತಲಿಲ್ಲ. ಎತ್ತಬೇಕಾಗಿರಲಿಲ್ಲ.

"ಸುಮ್ಮನೆ ಕೂತರಾ ಅವರು?"

"ಇಲ್ಲ ಮಾರಾಯ. ಒಬ್ಬಳು ಮುದುಕಿ ಇದ್ದಳು. ಒಂದು ದಿನ ಎದ್ದು, ದೇವರು ಕನಸಲ್ಲಿ ಬಂದು ಹೇಳಿದ್ದಾನೆ, ಕುರಿ ಎಲ್ಲ ನಮ್ಮದು ಅಂದಳು. ಜನ ಗೋಡೆ ದಾಟಿ ಹೋಗಿ ಕುರಿ ಹಿಡಿದು ತಂದು ಸುಟ್ಟು ತಿಂದರು. ಎಷ್ಟೋ ದಿನ ತಿಂದರು."

"ಆಮೇಲೆ?"

"ಆಮೇಲೆ ಎಂತ? ಯುದ್ಧದ ಹಡಗು ಬಂತು. ಹಿಡಿದುಕೊಂಡು ಹೋದರು." ಕಜೆತಾನ್ ಪುಸ್ತಕ ಮಡಚಿದ. "ಆದರೆ ತಿಂದದ್ದು ತಿಂದರಲ್ಲ. ಅದನ್ನು ಯಾರೂ ವಾಪಸು ತಗೊಳ್ಳಲಿಕ್ಕೆ ಆಗುದಿಲ್ಲ."

ಆಗಸ್ಟಿನಲ್ಲಿ ಹೋಟೆಲಿನ ಫಲಕ ಬಂತು. ಮೂರ್ತಿಗಳ ಎದುರು ಕಲ್ಲಿನಲ್ಲಿ ಕೂರಿಸಬೇಕಾದ ಹಿತ್ತಾಳೆಯ ಹಲಗೆ. ಅರಬಿ, ಇಂಗ್ಲಿಷ್. ಕಜೆತಾನ್ ಗ್ರೈಂಡರ್ ಆರಿಸಿ ಓದಿದ. ಈ ಮಹಾನ್ ಮೂರ್ತಿಗಳನ್ನು ಕೆತ್ತಿದ ಜನ ನಿಗೂಢವಾಗಿ ಕಣ್ಮರೆಯಾದರು ಎಂದು ಅದರಲ್ಲಿ ಬರೆದಿತ್ತು.

"ನಿಗೂಢವಾಗಿ!" ಕಜೆತಾನ್ ನಗತೊಡಗಿದ. "ಹಡಗಿನ ಹೆಸರು ಉಂಟು, ತಾರೀಕು ಉಂಟು, ಕುರಿಯ ಲೆಕ್ಕ ಉಂಟು. ಇವರಿಗೆ ನಿಗೂಢ! ಆ ಜನ ಈಗಲೂ ಅಲ್ಲಿ ಇದ್ದಾರೆ ಮಾರಾಯ, ಇದೇ ಪುಸ್ತಕದಲ್ಲಿ ಅವರ ಮಕ್ಕಳ ಫೋಟೋ ಉಂಟು!"

ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಅವನು ಬನಿಯನ್ ತುಂಡನ್ನು ಬಾಯಿಗೆ ಒತ್ತಿ ಕುಕ್ಕುರುಗಾಲಿನಲ್ಲಿ ಕೂತ. ತುಂಡು ತೆಗೆದಾಗ ಬೂದಿ ಬಣ್ಣದ ನಡುವೆ ಕೆಂಪು.

ಕಂಪನಿಯ ಕ್ಲಿನಿಕ್ಕಿನವರು ಕೆಮ್ಮಿನ ಸಿರಪ್ ಕೊಟ್ಟರು. ಎರಡು ಬಾಟಲಿ ಮುಗಿಯಿತು. ಶುಕ್ರವಾರ ಅಲಿಕುಂಞಿ ತನ್ನ ಪರಿಚಯದ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ. ಡಾಕ್ಟರು ಹೇಳಿದ್ದು ಇಷ್ಟೇ: ಪುಪ್ಪುಸದಲ್ಲಿ ಕಲ್ಲು ತುಂಬಿದೆ, ಇನ್ನು ಒಂದು ದಿನವೂ ಹುಡಿಯಲ್ಲಿ ಇರಬಾರದು, ಊರಿಗೆ ಕಳಿಸಿ.

ಧರ್ಮಪಾಲ ಎಕ್ಸ್‌ರೇ ಹಿಡಿದುಕೊಂಡು ಆಫೀಸಿಗೆ ಹೋದ. ವೆಂಕಟರಾಮಯ್ಯ ಅದನ್ನು ಬೆಳಕಿಗೆ ಹಿಡಿಯಲೂ ಇಲ್ಲ.

"ಓಪನಿಂಗ್ ಹದಿನೈದು ದಿನ ಇದೆ ಕಣಯ್ಯ. ಒಬ್ಬನ ಪಾಸ್‌ಪೋರ್ಟ್ ಕೊಟ್ರೆ ನಾಳೆ ಆರೂ ಜನ ಬಂದು ನಿಲ್ತಾರೆ. ತಡಕೊಳೋಕೆ ಹೇಳು."

"ಸಾರ್, ರಕ್ತ ಬರ್ತಾ ಉಂಟು."

"ಎಲ್ರಿಗೂ ಏನಾದ್ರೂ ಬರ್ತಾನೇ ಇರತ್ತೆ. ಪಾಲಿಶ್ ಇನ್ನೂ ಎರಡು ಬಾಕಿ. ಕೂತ್ಕೊಂಡು ಮಾಡ್ಲಿ, ನಿಂತ್ಕೊಂಡೇ ಮಾಡು ಅಂದಿದೀನಾ?"

"ನೀರಾದರೂ ಹಾಕ್ಲಿಕ್ಕೆ ಬಿಡಿ ಸಾರ್."

"ಖಲಾಸ್. ಹೋಗು."

ಧರ್ಮಪಾಲ ಹೋದ. ಎರಡು ಪಾಲಿಶನ್ನೂ ತಾನೇ ಮಾಡಿದ. ಯಾರನ್ನೂ ಕೇಳದೆ ಬಕೆಟ್ಟಿನಲ್ಲಿ ನೀರು ತಂದು ಕಲ್ಲಿನ ಮೇಲೆ ಹೊಯ್ದು ಮಾಡಿದ. ನೆಲ ಕೆಸರಾಯಿತು. ಕೆಸರನ್ನೂ ಅವನೇ ಬಳಿದ. ಕಜೆತಾನನನ್ನು ಶೆಡ್ಡಿನ ಹೊರಗೆ, ಗೋಡೆಯ ಗೇಣುದ್ದದ ನೆರಳಿನಲ್ಲಿ ಕೂರಿಸಿದ. ಒಳಗೆ ಕಣ್ಣು ಕೆತ್ತತೊಡಗಿದ.

ಬಿಳಿ ಕಲ್ಲಿನ ಹದಿನಾಲ್ಕು ಕಣ್ಣು, ನಡುವೆ ಕರಿ ಕಲ್ಲಿನ ಪಾಪೆ. ಅಂಟು ಹಾಕಬಾರದು, ಮೂಲದಲ್ಲಿ ಇದ್ದ ಹಾಗೇ ಕೂರಬೇಕು ಎಂದು ಡಿಸೈನರಿನ ಹಟ. ಧರ್ಮಪಾಲ ಏಳು ಮುಖಗಳಲ್ಲಿ ಹದಿನಾಲ್ಕು ಗುಳಿ ತೋಡಿದ. ಗುಳಿಯ ಬಾಯಿ ಕಿರಿದು, ಒಳಗೆ ಅಗಲ. ಕಣ್ಣನ್ನು ಓರೆ ಹಿಡಿದು ಕೆಳಗಿನಿಂದ ತೂರಿಸಿ, ಮೇಲಿನ ಕಚ್ಚಿಗೆ ಕೊಟ್ಟು, ಎಳೆಯಷ್ಟು ತಿರುಗಿಸಿ ಕೆಳಗೆ ಬಿಡಬೇಕು. ಆಗ ಕೂರುತ್ತದೆ. ಒಂದು ಗುಳಿಯ ಓರೆ ಇನ್ನೊಂದಕ್ಕಿಲ್ಲ. ಒಂದರ ಕಣ್ಣು ಇನ್ನೊಂದಕ್ಕೆ ಹೋಗುವುದಿಲ್ಲ. ಯಾವುದು ಎಲ್ಲಿಗೆ ಎಂಬುದು ಅವನ ಬೆರಳಿಗೆ ಮಾತ್ರ ಗೊತ್ತು. ಕಾರ್ಕಳದಲ್ಲಿ ಯಾವತ್ತೂ ಮುಟ್ಟಲು ಬಿಡದ ಕೆಲಸ. ಆದರೂ ಸಂತೋಷವಾಗಲಿಲ್ಲ. ಹೊರಗಿನಿಂದ ಕೆಮ್ಮು ಕೇಳುತ್ತಿತ್ತು.

ಓಪನಿಂಗ್ ದಿನ ಬೆಳಿಗ್ಗೆಯೇ ಏಳೂ ಮೂರ್ತಿಗಳನ್ನು ಕ್ರೇನು ಎತ್ತಿ ಈಜುಕೊಳದ ಪಕ್ಕದ ಕಟ್ಟೆಯ ಮೇಲೆ ನಿಲ್ಲಿಸಿತು. ಸಂಜೆ ಐದಕ್ಕೆ ದೊಡ್ಡ ದೊಡ್ಡ ಅತಿಥಿಗಳು ಬರುವವರು. ಕಜೆತಾನ್ ಕ್ಯಾಂಪಿನಲ್ಲಿ ಮಲಗಿದ್ದ. ಎದ್ದು ಕೂರಲೂ ಆಗುತ್ತಿರಲಿಲ್ಲ. ಉಳಿದ ಆರು ಜನ ಮೂರ್ತಿಗಳ ಬುಡಕ್ಕೆ ಸಿಮೆಂಟು ತುಂಬಿದರು. ಒಂಬತ್ತು ಗಂಟೆಗೆ ಕೆಲಸ ಮುಗಿಯಿತು. ಉಳಿದದ್ದು ಕಣ್ಣು.

ವೆಂಕಟರಾಮಯ್ಯ ಟೈ ಕಟ್ಟಿಕೊಂಡು ಬಂದಿದ್ದರು.

"ಯಲ್ಲಾ, ಬೇಗ ಬೇಗ. ಧರ್ಮಪಾಲ, ಕಣ್ಣು ಹಾಕು."

ಧರ್ಮಪಾಲ ಏಣಿ ಹತ್ತಲಿಲ್ಲ. ಕಣ್ಣುಗಳಿದ್ದ ಗೋಣಿಚೀಲದ ಪಕ್ಕದಲ್ಲಿ ಕೂತುಕೊಂಡ.

"ಪಾಸ್‌ಪೋರ್ಟ್ ಬರ್ಲಿ ಸಾರ್. ಏಳು."

"ಏನಂದೆ?"

"ಏಳು ಜನರ ಪಾಸ್‌ಪೋರ್ಟ್. ಕಜೆತಾನನಿಗೆ ಇವತ್ತಿನ ಟಿಕೇಟು."

ಅವನ ಸ್ವರ ಏರಲಿಲ್ಲ. ಉಳಿದ ಐವರು ಕರಣೆ ಕೆಳಗಿಟ್ಟರು. ಅವರು ರಾಜಸ್ಥಾನದವರು, ಆಂಧ್ರದವರು. ಕನ್ನಡ ಒಂದಕ್ಷರ ಬಾರದು. ಪಾಸ್‌ಪೋರ್ಟ್ ಎನ್ನುವ ಮಾತಿಗೆ ಭಾಷೆ ಬೇಕಾಗಿರಲಿಲ್ಲ.

ವೆಂಕಟರಾಮಯ್ಯನವರ ಮುಖ ಕೆಂಪಾಯಿತು. ಪೊಲೀಸಿಗೆ ಹೇಳ್ತೀನಿ ಎಂದರು. ಜೈಲು, ಬ್ಯಾನು, ಜನ್ಮದಲ್ಲಿ ಗಲ್ಫಿಗೆ ಕಾಲಿಡದ ಹಾಗೆ ಮಾಡ್ತೀನಿ ಎಂದರು. ಧರ್ಮಪಾಲ ಕೇಳಿಸಿಕೊಂಡ. ಹೆದರಿಕೆಯಾಗಲಿಲ್ಲವೇ? ಆಯಿತು. ಅದಕ್ಕೇ ಅವನು ಕೂತದ್ದು.

"ಚೀಲ ಕೊಡು ಇಲ್ಲಿ!"

"ತಗೊಳ್ಳಿ ಸಾರ್."

ಅವನೇ ಎತ್ತಿ ಕೊಟ್ಟ. ಹೋಟೆಲಿನ ಇಬ್ಬರು ಕಾರ್ಪೆಂಟರುಗಳು ಏಣಿ ಹತ್ತಿದರು. ಒಂದು ಕಣ್ಣು ತೆಗೆದು ಒತ್ತಿದರು. ಹೋಗಲಿಲ್ಲ. ಇನ್ನೊಂದು ಒತ್ತಿದರು. ತಿರುಗಿಸಿದರು, ಮರದ ಸುತ್ತಿಗೆಯಿಂದ ತಟ್ಟಿದರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಒಬ್ಬ ಜೋರಾಗಿ ತಟ್ಟಿದ. ಚಟ್ ಎಂದು ಒಂದು ಕಣ್ಣಿನ ಅಂಚು ಮುರಿದು ಈಜುಕೊಳಕ್ಕೆ ಬಿತ್ತು.

"ನಿಲ್ಸಿ, ನಿಲ್ಸಿ!" ವೆಂಕಟರಾಮಯ್ಯ ಚೀರಿದರು. ಟೈ ಸಡಿಲಿಸಿಕೊಂಡು ಧರ್ಮಪಾಲನ ಮುಂದೆ ಬಂದು ಬಗ್ಗಿದರು. ದನಿ ಬದಲಾಗಿತ್ತು. "ನೋಡಪ್ಪ, ನಾವು ನಾವು ಕನ್ನಡದೋರು. ಪರದೇಶದಲ್ಲಿ ಒಬ್ಬರಿಗೊಬ್ಬರು ಆಗ್ಬೇಕಲ್ವ? ನನ್ನ ಕೆಲಸ ಹೋಗತ್ತೆ ಕಣೋ. ಮಗಳ ಸ್ಕೂಲಿದೆ ಇಲ್ಲಿ."

ಧರ್ಮಪಾಲ ಅವರ ಮುಖವನ್ನು ಮೊದಲ ಸಲ ಇಷ್ಟು ಹತ್ತಿರದಿಂದ ನೋಡಿದ. ಕಣ್ಣಿನ ಕೆಳಗೆ ಬೆವರು. ಅವರೂ ಯಾರಿಗೋ ಹೆದರುತ್ತಿದ್ದರು. ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ಗಣಪತಿಯನ್ನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಡಿಸಿಕೊಂಡಾಗ ಈ ಕನ್ನಡ ಎಲ್ಲಿತ್ತು?

"ಕಜೆತಾನನಿಗೂ ಕನ್ನಡ ಬರ್ತದೆ ಸಾರ್. ಉಲ್ಟಾ ಸಹ ಓದ್ತಾನೆ."

ಹನ್ನೊಂದೂವರೆಗೆ ವೆಂಕಟರಾಮಯ್ಯ ಆಫೀಸಿಗೆ ಫೋನು ಮಾಡಿದರು. ಇಂಗ್ಲಿಷಿನಲ್ಲಿ ಮಾತಾಡಿದರು, ಬೇಡಿಕೊಂಡರು. ಕೊನೆಗೆ ಫೋನು ಮುಚ್ಚಿ ಹೇಳಿದರು.

"ಒಂದು. ಅವನದೊಂದೇ. ಏಳೂ ಕೊಡೋದು ನನ್ನ ಕೈಲಿಲ್ಲ, ದೊಡ್ಡೋರು ಆಗಲ್ಲ ಅಂತಾರೆ. ಟಿಕೇಟೂ ಬರತ್ತೆ, ಐದೂವರೆಯ ಮುಂಬೈ ಫ್ಲೈಟು. ಮುಂಬೈಗೆ ಅವನ ಮನೆಯವರು ಯಾರಾದ್ರೂ ಬರ್ಲಿ. ಆಯ್ತಲ್ಲ? ಈಗ ಹಾಕು."

"ಅವನು ಏರ್‌ಪೋರ್ಟ್ ಒಳಗೆ ಹೋಗ್ಲಿ. ಆಮೇಲೆ."

ಅಲಿಕುಂಞಿಯ ವ್ಯಾನು ಹೋಯಿತು. ಆಫೀಸಿನಿಂದ ಪಾಸ್‌ಪೋರ್ಟ್, ಅಲ್ಲಿಂದ ಸೋನಾಪುರ, ಸೋನಾಪುರದಿಂದ ವಿಮಾನ ನಿಲ್ದಾಣ. ಹೋಗುವ ಮೊದಲು ಅವನು ಧರ್ಮಪಾಲನ ಕಿವಿಯಲ್ಲಿ ಹೇಳಿದ್ದ.

"ಒಂದು ಮಿಸ್ಡ್ ಕಾಲ್ ಅಂದ್ರೆ ಪಾಸ್‌ಪೋರ್ಟ್ ನನ್ನ ಕೈಯಲ್ಲಿ ಉಂಟು. ಎರಡನೇದು ಬಂದ್ರೆ ಅವನು ಇಮಿಗ್ರೇಶನ್ ದಾಟಿದ ಅಂತ. ಫೋನ್ ಎತ್ತಬೇಡ, ಎಣಿಸು ಮಾತ್ರ."

ಒಂದು ಗಂಟೆಗೆ ಮೊದಲನೆಯ ಕಾಲ್ ಬಂತು. ಆಮೇಲೆ ಸುಮ್ಮನಾಯಿತು. ಆರು ಜನ ಮೂರ್ತಿಗಳ ನೆರಳಿನಲ್ಲಿ ಸಾಲಾಗಿ ಕೂತಿದ್ದರು. ಎರಡಾಯಿತು. ಮೂರಾಗುತ್ತ ಬಂತು. ಹೋಟೆಲಿನ ಹುಡುಗಿಯರು ಮೇಜುಗಳಿಗೆ ಬಿಳಿ ಬಟ್ಟೆ ಹಾಸಿದರು. ನಡೆಯಲಾರದ ಮನುಷ್ಯನನ್ನು ವಿಮಾನಕ್ಕೆ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ! ರಕ್ತ ಕಂಡು ತಡೆದರೆ? ಮೂರು ಹತ್ತಕ್ಕೆ ಜೇಬಿನಲ್ಲಿ ಫೋನು ಗುಂಯ್ ಎಂದು ನಿಂತಿತು.

ಅವನು ಎದ್ದ. ಚೀಲದಿಂದ ಎರಡು ಕಣ್ಣು ಆರಿಸಿಕೊಂಡ. ಎಡದಿಂದ ಮೂರನೆಯ ಮೂರ್ತಿಗೆ ಏಣಿ ಹಚ್ಚಿದ. ಅದು ಕಜೆತಾನನ ಮೂರ್ತಿ. ಓರೆ ಹಿಡಿದು ತೂರಿಸಿದ, ಕಚ್ಚಿಗೆ ಕೊಟ್ಟ, ಎಳೆಯಷ್ಟು ತಿರುಗಿಸಿ ಬಿಟ್ಟ. ಕೂತಿತು. ಇನ್ನೊಂದೂ ಕೂತಿತು. ಆ ದೊಡ್ಡ ಕಲ್ಲುಮುಖ ಒಮ್ಮೆಲೇ ನೋಡತೊಡಗಿತು. ಅವನ ಅಪ್ಪ ಗೇಟಿನ ಹೊರಗೆ ನಿಂತು ಕಾಣದೆ ಹೋದದ್ದು ಇದು. ಧರ್ಮಪಾಲ ಕನ್ನಡಿ ಹಿಡಿಯಲಿಲ್ಲ. ಮೊದಲ ನೋಟವನ್ನು ತನ್ನ ಮುಖದ ಮೇಲೇ ತೆಗೆದುಕೊಂಡ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಇಳಿದು ಬಂದು ಏಣಿ ಮಡಚಿದ.

"ಉಳಿದದ್ದು?" ಎಂದರು ವೆಂಕಟರಾಮಯ್ಯ.

"ಒಂದು ಪಾಸ್‌ಪೋರ್ಟಿಗೆ ಒಂದು ಮೂರ್ತಿ ಸಾರ್."

"ಲೋ... ಅತಿಥಿಗಳು ಬರ್ತಾರಲ್ಲೋ! ಒಂದಕ್ಕೆ ಕಣ್ಣು, ಆರಕ್ಕೆ ಗುಳಿ! ನಾನೇನು ಹೇಳ್ಲಿ ಅವರಿಗೆ?"

"ನೀವೇ ಹೇಳಿದ್ರಲ್ಲ ಸಾರ್, ಕಣ್ಣು ಮಾತ್ರ ಬಿಟ್ಟಿರು ಅಂತ. ಬಿಟ್ಟಿದ್ದೇನೆ." ಧರ್ಮಪಾಲ ಚೀಲವನ್ನು ಅವರ ಪಾಲಿಶ್ ಮಾಡಿದ ಬೂಟಿನ ಪಕ್ಕಕ್ಕೆ ಸರಿಸಿದ. "ನಿಮ್ಮವರು ಯಾರೋ ಇದ್ದಾರಂತಲ್ಲ. ಅವರ ಕೈಯಲ್ಲಿ ಮಾಡಿಸಿ."

ವೆಂಕಟರಾಮಯ್ಯ ಚೀಲವನ್ನು ನೋಡಿದರು. ಅವರಿಗೆ ಆ ಗಣಪತಿ ನೆನಪಾಯಿತೋ ಇಲ್ಲವೋ ಧರ್ಮಪಾಲನಿಗೆ ಗೊತ್ತಾಗಲಿಲ್ಲ. ಅಂಥವರಿಗೆ ಅಂಥದ್ದು ನೆನಪಿರುವುದಿಲ್ಲ.

ಐದಕ್ಕೆ ಕಾರುಗಳು ಬಂದವು. ಆರು ಕುರುಡು ಮೂರ್ತಿಗಳಿಗೆ ಬಿಳಿ ಬಟ್ಟೆ ಮುಚ್ಚಿದ್ದರು. ನಡುವೆ ಒಂದೇ ಒಂದು ಮುಖ ಬಯಲಾಗಿ ಎಲ್ಲರನ್ನೂ ನೋಡುತ್ತಿತ್ತು. ಆರು ಜನರನ್ನು ಹಿಂಬಾಗಿಲಿನಿಂದ ಹೊರಗೆ ತಂದು ಕಸದ ಲಾರಿ ನಿಲ್ಲುವ ಅಂಗಳದಲ್ಲಿ ಕೂರಿಸಿದ್ದರು. ಪೊಲೀಸರ ಜೀಪು ಬಂತು.

"ಮೊದಲು ಇವನನ್ನ ಹಿಡೀರಿ," ವೆಂಕಟರಾಮಯ್ಯ ಹಿಂದಿಯಲ್ಲಿ ಕೂಗಿದರು. "ಇವನೇ ಲೀಡರ್. ಓಡಿಹೋಗ್ತಾನೆ."

ಧರ್ಮಪಾಲನಿಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷ ಐದು ತಿಂಗಳಲ್ಲಿ ಅವನು ಹೀಗೆ ನಕ್ಕದ್ದೇ ಇರಲಿಲ್ಲ. ಹುಡಿ ತುಂಬಿದ ಎದೆಯಿಂದ ಬಂದ ನಗು. ಕೊನೆಗೆ ಕೆಮ್ಮಾಯಿತು. ಕೆಮ್ಮಿ ಉಗಿದ. ಬೂದಿ.

"ಎಲ್ಲಿಗೆ ಓಡುದು ಸಾರ್? ಪಾಸ್‌ಪೋರ್ಟ್ ನಿಮ್ಮ ಕಪಾಟಿನಲ್ಲಿ ಉಂಟಲ್ಲ."

ಪೊಲೀಸಿನವನು ಅವನ ತೋಳು ಹಿಡಿದ. ಮುಂದಿನದು ಅವನಿಗೆ ಗೊತ್ತಿತ್ತು. ಲಾಕಪ್ಪು. ಇಲ್ಲವೇ ಮತ್ತೆ ಅದೇ ಗೋಡೆ, ಅದೇ ಗೇಟು, ಒಣಕಲ್ಲು. ದಿನವೋ ತಿಂಗಳೋ ಯಾರಿಗೆ ಗೊತ್ತು! ಉಳಿದ ಐವರು ಎದ್ದು ಅವನ ಹಿಂದೆಯೇ ಜೀಪಿನ ಕಡೆಗೆ ನಡೆದರು. ಅವರನ್ನು ಯಾರೂ ಕರೆದಿರಲಿಲ್ಲ.

"ಏನು ಸಿಕ್ತು ನಿಂಗೆ?" ವೆಂಕಟರಾಮಯ್ಯ ಜೀಪಿನ ಕಿಟಕಿಗೆ ಬಂದು ಕೇಳಿದರು. ಸಿಟ್ಟಿನಿಂದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು. "ನಿನ್ನ ಕಥೆ ಖಲಾಸ್ ಆಯ್ತಲ್ಲೋ. ಏನು ಸಿಕ್ತು?"

ಧರ್ಮಪಾಲ ಮೇಲೆ ನೋಡಿದ. ಹೋಟೆಲಿನ ಮಾಡಿನಾಚೆ, ಧೂಳು ಕವಿದ ಆಕಾಶದಲ್ಲಿ, ಒಂದು ವಿಮಾನ ಸಮುದ್ರದ ಕಡೆಗೆ ಹೊರಳುತ್ತಿತ್ತು. ಅದು ಮುಂಬೈಯದೋ ಬೇರೆಯದೋ ಅವನಿಗೆ ತಿಳಿಯದು.

"ಹೋದವನು ಹೋದನಲ್ಲ ಸಾರ್," ಎಂದ. "ಅವನನ್ನು ವಾಪಸು ತಗೊಳ್ಳಲಿಕ್ಕೆ ನಿಮಗೆ ಆಗುದಿಲ್ಲ."